ಶೇಂಗಾ ಗದ್ದೆಯ ಲೆಕ್ಕ

ವಾರ್ಷಿಕ ಸಂಚಿಕೆಗೆ ಲೇಖನ ಕೊಡಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ತರಗತಿಯಲ್ಲಿ ಹೇಳಿದ ದಿನವೇ ಗೆಳತಿಯರೆಲ್ಲ ಒಂದೊಂದು ವಿಷಯವನ್ನು ಹಿಡಿದುಕೊಂಡುಬಿಟ್ಟರು. ಒಬ್ಬಳದು ಗೋಕರ್ಣ ಪ್ರವಾಸ. ಇನ್ನೊಬ್ಬಳದು ಯಕ್ಷಗಾನದಲ್ಲಿ ಸ್ತ್ರೀಪಾತ್ರ. ಮತ್ತೊಬ್ಬಳದು ಮಹಿಳೆ ಮತ್ತು ಸಮಾಜ. "ನಿನ್ನದು ಯಾವುದೇ?" ಎಂದು ನನ್ನನ್ನು ಕೇಳಿದರು. "ಶೇಂಗಾಕ್ಕೆ ಬರುವ ಕೊಳೆರೋಗ" ಎಂದೆ. ಬೆಂಚು ಅಲುಗುವಂತೆ ನಕ್ಕರು. ಅವರ ತಪ್ಪೇನೂ ಇಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದುವ ಬಿ.ಎ. ವಿದ್ಯಾರ್ಥಿನಿಗೂ ಗಿಡದ ಬುಡದಲ್ಲಿ ಬೆಳೆಯುವ ಬೂಷ್ಟಿಗೂ ಏನು ಸಂಬಂಧ?

ಸಂಬಂಧವಿದೆ, ಮಿತ್ರರೆ. ಆ ರೋಗ ನಮ್ಮ ಗದ್ದೆಗೆ ಹೊಕ್ಕದ್ದು ನಾನು ಹಾಕಿಕೊಟ್ಟ ಒಂದು ಲೆಕ್ಕದ ದೆಸೆಯಿಂದ. ಮನೆಯಲ್ಲಿ ಈವರೆಗೆ ಯಾರೂ ನನ್ನನ್ನು ಆಕ್ಷೇಪಿಸಿಲ್ಲ. ಆದುದರಿಂದಲೇ ಅದನ್ನು ನಾನಾಗಿ ಎಲ್ಲಾದರೂ ಒಂದು ಕಡೆ ಬರೆದಿಡಬೇಕೆನಿಸಿದೆ.

ನಮ್ಮೂರು ಮಂಕಿ. ಹೊನ್ನಾವರದಿಂದ ಭಟ್ಕಳದ ಕಡೆಗೆ ಬಸ್ಸಿನಲ್ಲಿ ಹೋದವರೆಲ್ಲ ನಮ್ಮೂರನ್ನು ಕಿಟಕಿಯಿಂದ ನೋಡಿಯೇ ಇದ್ದೀರಿ. ಇಳಿದು ನೋಡಿದವರು ಕಡಮೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಗುಡ್ಡ, ನಡುವೆ ಗದ್ದೆ, ತೆಂಗು, ಮಲ್ಲಿಗೆ ಗಿಡದ ಹಿತ್ತಲುಗಳು. ನಮ್ಮ ಗದ್ದೆಯ ಮಣ್ಣಿನಲ್ಲಿ ಹೊಯ್ಗೆಯ ಪಾಲು ಹೆಚ್ಚು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲುವುದಿಲ್ಲ, ಉದುರಿಹೋಗುತ್ತದೆ. ಬೇರೆ ಬೆಳೆಗೆ ಇದು ಬಡ ಮಣ್ಣು. ಶೇಂಗಾಕ್ಕೆ ಮಾತ್ರ ತವರುಮನೆ. ಶೇಂಗಾದ ಕತೆಯೇ ವಿಚಿತ್ರವಷ್ಟೆ! ಹೂ ಬಿಡುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದ ಒಳಗೆ. ಹೂ ಬಾಡಿದ ಮೇಲೆ ಅದರಿಂದ ಸೂಜಿಯಂಥ ಕುಡಿಯೊಂದು ಕೆಳಮುಖವಾಗಿ ಬೆಳೆದು ಮಣ್ಣನ್ನು ಚುಚ್ಚಿಕೊಂಡು ಹೋಗಿ ಅಲ್ಲಿ ಕಾಯಾಗುತ್ತದೆ. ಮಣ್ಣು ಗಟ್ಟಿಯಾದರೆ ಕುಡಿ ಇಳಿಯದು. ಇಳಿದರೂ ಕೀಳುವಾಗ ಕಾಯಿ ಒಳಗೇ ಉಳಿದೀತು. ನಮ್ಮಲ್ಲಿ ಹಾಗಲ್ಲ. ಗಿಡ ಹಿಡಿದು ಎಳೆದರೆ ಗೊಂಚಲು ಗೊಂಚಲಾಗಿ ಬರುತ್ತದೆ.

ನಾನು ಚಿಕ್ಕವಳಾಗಿದ್ದಾಗ ಗದ್ದೆಯ ವರ್ಷಕ್ಕೆ ಒಂದು ಕ್ರಮವಿದ್ದಿತು. ಜೂನ್ ತಿಂಗಳಲ್ಲಿ ಅಗೆ ಹಾಕುವುದು, ಜುಲೈಯಲ್ಲಿ ನಟ್ಟಿ, ಅಕ್ಟೋಬರ್ ಕೊನೆಗೋ ನವೆಂಬರಿಗೋ ಭತ್ತದ ಕೊಯ್ಲು. ಕೊಯ್ದ ಗದ್ದೆಯ ಹಸಿ ಆರುವ ಮುಂಚೆ ಹೂಟೆ ಮಾಡಿ ಶೇಂಗಾ ಬೀಜ ಊರುವುದು. ಮಾರ್ಚ್, ಏಪ್ರಿಲ್ ಹೊತ್ತಿಗೆ ಶೇಂಗಾ ಕಿತ್ತು, ಅಂಗಳದಲ್ಲಿ ಒಣಗಿಸಿ, ಮುಂದಿನ ಬೀಜಕ್ಕೆ ಒಂದು ಚೀಲ ತೆಗೆದಿಟ್ಟು, ಉಳಿದುದನ್ನು ಮಾರುವುದು. ಭತ್ತ ಹೊಟ್ಟೆಗೆ, ಶೇಂಗಾ ಕೈಖರ್ಚಿಗೆ. ನನ್ನ ಶಾಲೆಯ ಚೀಲ, ಛತ್ರಿ, ಆಯಿಯ ಸೀರೆ, ಅಜ್ಜಿಯ ಔಷಧಿ ಎಲ್ಲವೂ ಶೇಂಗಾದ ದುಡ್ಡಿನಲ್ಲಿ ಬಂದವು. ಈ ಕ್ರಮವನ್ನು ಯಾರು ಮಾಡಿದರು, ಏಕೆ ಮಾಡಿದರು ಎಂದು ನಾನು ಕೇಳಲಿಲ್ಲ. ಸೂರ್ಯ ಮೂಡುವುದನ್ನು ಯಾರು ಪ್ರಶ್ನಿಸುತ್ತಾರೆ?

ನಮ್ಮದು ಮೂವತ್ತು ಗುಂಟೆ ಗದ್ದೆ, ಎರಡು ತುಂಡು. ಕೆಳಗಿನದು ಹದಿನೆಂಟು ಗುಂಟೆ, ಮೇಲಿನದು ಹನ್ನೆರಡು. ಅಪ್ಪ ನಾಲ್ಕನೆಯ ತರಗತಿಯವರೆಗೆ ಓದಿದವನು. ಆಯಿಗೆ ಸಹಿ ಹಾಕಲು ಬರುತ್ತದೆ. ಅಜ್ಜಿಯದು ಹೆಬ್ಬೆಟ್ಟು. ಆದ್ದರಿಂದ ನಾನು ಹತ್ತನೆಯ ತರಗತಿ ಪಾಸಾದ ದಿನದಿಂದ ಮನೆಗೆ ಬಂದ ಕಾಗದವನ್ನು ಓದುವುದು, ಅರ್ಜಿ ಬರೆಯುವುದು, ಲೆಕ್ಕ ಹಾಕುವುದು ಎಲ್ಲ ನನ್ನ ಪಾಲಿಗೆ ಬಂದಿತು. ಈ ಅಧಿಕಾರ ನನಗೆ ಬಹಳ ಪ್ರಿಯವಾಗಿತ್ತೆಂಬುದನ್ನೂ ಒಪ್ಪಿಕೊಳ್ಳುತ್ತೇನೆ.

2021ರ ಮಳೆಗಾಲದ ಮಾತು. ನಾನು ಆಗ ಪಿ.ಯು.ಸಿ. ವಿದ್ಯಾರ್ಥಿನಿ; ಅರ್ಥಶಾಸ್ತ್ರ ಹೊಸದಾಗಿ ತಲೆಗೇರಿತ್ತು. ನಟ್ಟಿಗೆ ಹೆಣ್ಣಾಳುಗಳು ಸಿಗುವುದು ಕಷ್ಟವಾಗಿತ್ತು. ಅಜ್ಜಿಗೆ ಬೆನ್ನು ಬಗ್ಗುತ್ತಿರಲಿಲ್ಲ. ನನಗೆ ಕೆಸರಿಗಿಳಿಯುವ ಮನಸ್ಸಿರಲಿಲ್ಲ. ಅಪ್ಪ ಜಗಲಿಯಲ್ಲಿ ಕುಳಿತು ತಲೆ ಕೆರೆದುಕೊಳ್ಳುತ್ತಿದ್ದಾಗ, ನಾನು ನೋಟುಪುಸ್ತಕದಿಂದ ಒಂದು ಹಾಳೆ ಹರಿದು ಭತ್ತದ ಲೆಕ್ಕ ಬರೆದೆ. ಟಿಲ್ಲರಿನ ಬಾಡಿಗೆ, ಗೊಬ್ಬರ, ನಟ್ಟಿಯ ಕೂಲಿ, ಕೊಯ್ಲಿನ ಕೂಲಿ. ಪುಸ್ತಕದಲ್ಲಿ ಕಲಿತಂತೆ ಮನೆಯವರ ದುಡಿಮೆಗೂ ಕೂಲಿ ಹಿಡಿದೆ. ಒಟ್ಟು ಖರ್ಚು 19,600 ರೂಪಾಯಿ. ಭತ್ತ, ಹುಲ್ಲು ಎರಡೂ ಸೇರಿ ಬರುವುದು 17,900 ರೂಪಾಯಿ. ನಷ್ಟ 1,700 ರೂಪಾಯಿ. ಕೆಳಗೆ ಎರಡು ಗೆರೆ ಎಳೆದು ಅಪ್ಪನ ಕೈಗೆ ಕೊಟ್ಟೆ. "ನಷ್ಟಕ್ಕೆ ಏಕೆ ಬೆಳೆಯಬೇಕು? ಪಡಿತರದ ಅಕ್ಕಿ ಬರುತ್ತದೆ. ಮಳೆಗಾಲದಲ್ಲಿ ಗದ್ದೆ ಬಿಟ್ಟುಬಿಡೋಣ. ಬೇಸಿಗೆಗೆ ಶೇಂಗಾ ಒಂದೇ ಸಾಕು" ಎಂದೆ.

ಅಪ್ಪ ಹಾಳೆಯನ್ನು ಬಹಳ ಹೊತ್ತು ನೋಡಿದ. "ನೀ ಓದ್ದವ್ಳು ಮಗಾ, ನೀ ಹೇಳದ್ಮೇಲೆ ಸರೀನೇ ಇರ್ಬೇಕು" ಎಂದ. ಅಜ್ಜಿ ಮಾತ್ರ ಒಳಗಿನಿಂದ ಗೊಣಗಿದಳು: "ಗದ್ದೆ ಮಳೆಗಾಲದಲ್ಲಿ ಮೀಯ್ಬೇಕು ಕೂಸೇ. ಮೀಯದ ಗದ್ದೆಗೆ ಕಜ್ಜಿ ಬತ್ತದೆ." ನಾನು ನಕ್ಕೆ. ಗದ್ದೆಗೂ ಕಜ್ಜಿಯೆ? ಮುದುಕಿಯ ಮಾತು ಎಂದುಕೊಂಡೆ.

ಆ ವರ್ಷ ಗದ್ದೆ ಹಡಿಲು ಬಿದ್ದಿತು. ಹಾಳಿ ಕಟ್ಟುವವರಿಲ್ಲದೆ ಅಲ್ಲಲ್ಲಿ ಒಡೆದು ಮಳೆಯ ನೀರು ನಿಲ್ಲದೆ ಹರಿದುಹೋಯಿತು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ನಮ್ಮ ಗದ್ದೆಗೆ ಕಾಲು ಮುಳುಗುವಷ್ಟು ನೀರು ನಿಲ್ಲಲಿಲ್ಲ. ಕಳೆ ಎದೆಯೆತ್ತರ ಬೆಳೆಯಿತು. ಕೀಳುವಾಗ ಮಣ್ಣಿನಲ್ಲಿ ತಪ್ಪಿ ಉಳಿದಿದ್ದ ಶೇಂಗಾ ಕಾಳುಗಳು ಮೊಳೆತು ಕಳೆಯ ನಡುವೆ ತಾವೇ ಗಿಡವಾದುವು. ಅದನ್ನು ನೋಡಿ, ಪುಕ್ಕಟೆ ಬೆಳೆ ಎಂದು ಸಂತೋಷಪಟ್ಟವಳೂ ನಾನೇ.

ಚಳಿಗಾಲದ ಶೇಂಗಾ ಆ ಸಲ ಎಂದಿಗಿಂತ ಚೆನ್ನಾಗಿ ಬಂದಿತು. ಭತ್ತದ ಕೊಯ್ಲಿಗಾಗಿ ಕಾಯುವುದಿಲ್ಲವಾದ್ದರಿಂದ ಹದಿನೈದು ದಿನ ಮೊದಲೇ ಬೀಜ ಊರಿದ್ದೆವು. ನನ್ನ ಲೆಕ್ಕ ಗೆದ್ದಿತು! 2022ರಲ್ಲಿ ನಾನು ಈ ಕಾಲೇಜಿಗೆ ಸೇರುವಾಗ ಕಟ್ಟಿದ ಶುಲ್ಕ, ಕೊಂಡ ಪುಸ್ತಕ, ಮೊದಲ ತಿಂಗಳ ಬಸ್ಸಿನ ಖರ್ಚು ಅದೇ ಶೇಂಗಾದ ದುಡ್ಡು. ತಪ್ಪು ಲೆಕ್ಕ ಮೊದಲ ವರ್ಷ ಸರಿಯಾದ ಉತ್ತರ ಕೊಟ್ಟರೆ ಅದಕ್ಕಿಂತ ಅಪಾಯ ಇನ್ನೊಂದಿಲ್ಲ.

ಎರಡನೆಯ ಚಳಿಗಾಲದಲ್ಲಿ, ಹೂ ಬಿಟ್ಟು ಕುಡಿ ಇಳಿಯುವ ಹೊತ್ತಿಗೆ, ಮೇಲಿನ ಗದ್ದೆಯಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಬಾಡಿತು. ನೀರು ಕಡಮೆಯಾಯಿತೆಂದು ಅಪ್ಪ ನೀರು ಬಿಟ್ಟ. ಇನ್ನಷ್ಟು ಬಾಡಿದುವು. ಆಯಿಯೇ ಮೊದಲು ಬಗ್ಗಿ ನೋಡಿದವಳು. ಗಿಡದ ಬುಡವನ್ನು ಸುತ್ತಿಕೊಂಡು ಹತ್ತಿಯ ಎಳೆಯಂಥ ಬಿಳಿ ನೂಲು. ನೂಲಿನ ನಡುವೆ ಸಾಸಿವೆ ಕಾಳಿನಂಥ ಸಣ್ಣ ಸಣ್ಣ ಉಂಡೆಗಳು, ಕೆಲವು ಬಿಳಿ, ಕೆಲವು ಕಂದು. ಎಳೆದರೆ ಗಿಡ ಬುಡದಲ್ಲೇ ಮುರಿದು ಕೈಗೆ ಬಂದಿತು. ಕಾಯಿ ಮಣ್ಣಿನಲ್ಲೇ ಉಳಿದು ಕೊಳೆತಿದ್ದುವು. ಬಾಡಿದ ಗಿಡಗಳನ್ನು ಕಿತ್ತು ಹಾಳಿಯ ಮೇಲೆ ಎಸೆದೆವು. ಸಾಸಿವೆಯನ್ನು ನಾವೇ ಗದ್ದೆಯ ತುಂಬ ಬಿತ್ತುತ್ತಿದ್ದೇವೆಂದು ಆಗ ತಿಳಿಯಲಿಲ್ಲ.

ಆಗ ನಾನು ಮತ್ತೆ ಪುಸ್ತಕದ ಮೊರೆಹೊಕ್ಕೆ. ಕಾಲೇಜಿನ ವಾಚನಾಲಯದಲ್ಲಿ ಹುಡುಕಿದಾಗ 'ಬೆಳೆ ಪರಿವರ್ತನೆ' ಎಂಬ ಮಾತು ಸಿಕ್ಕಿತು. ಒಂದೇ ಬೆಳೆಯನ್ನು ಒಂದೇ ನೆಲದಲ್ಲಿ ವರ್ಷ ವರ್ಷವೂ ಬೆಳೆದರೆ ಆ ಬೆಳೆಯ ರೋಗಗಳು ನೆಲದಲ್ಲಿ ಬೀಡುಬಿಡುತ್ತವೆ. ಆದುದರಿಂದ ಬೆಳೆಯನ್ನು ಬದಲಿಸುತ್ತಿರಬೇಕು, ಎಂದಿತ್ತು. ಅದರೊಡನೆಯೇ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರ ಕತೆಯನ್ನೂ ಓದಿದೆ. ಅಮೆರಿಕದ ಗುಲಾಮ ತಾಯಿಯ ಮಗನಾಗಿ ಹುಟ್ಟಿ, ಕಷ್ಟಪಟ್ಟು ಓದಿ, 1896ರಲ್ಲಿ ಅಲಬಾಮಾದ ಟಸ್ಕೀಗೀ ವಿದ್ಯಾಲಯಕ್ಕೆ ಅಧ್ಯಾಪಕರಾಗಿ ಹೋದವರು. ಹತ್ತಿಯ ಮೇಲೆ ಹತ್ತಿ ಬೆಳೆದು ಸೊರಗಿದ ನೆಲದಲ್ಲಿ ಶೇಂಗಾ, ಅಲಸಂದೆ, ಗೆಣಸು ಬೆಳೆಯಿರೆಂದು ಬಡರೈತರಿಗೆ ಸಾರಿದವರು. ಶೇಂಗಾ ಬೆಳೆಯುವ ಕ್ರಮವನ್ನೂ ಅದರಿಂದ ಮಾಡಬಹುದಾದ 105 ಬಗೆಯ ತಿನಿಸುಗಳನ್ನೂ ಹೇಳುವ ಪುಸ್ತಿಕೆಯನ್ನು 1916ರಲ್ಲಿ ಹೊರತಂದರು. ಮನೆತನದಲ್ಲಿ ಮೊದಲು ಕಾಲೇಜು ಕಂಡ ನನಗೆ ಅವರ ಕತೆ ಎಷ್ಟು ಹಿಡಿಸಿತೆಂದರೆ, ಮುಂದಿನ ಚಳಿಗಾಲಕ್ಕೆ ಅವರ ಅಲಸಂದೆಯನ್ನೇ ನಮ್ಮ ಮೇಲಿನ ಗದ್ದೆಗೆ ಆರಿಸಿದೆ. ಜೊತೆಗೆ ನಾಲ್ಕು ಸಾಲು ಬದನೆ, ನಾಲ್ಕು ಸಾಲು ಮೆಣಸು. ಕೆಳಗಿನ ಗದ್ದೆಗೆ ಎಂದಿನಂತೆ ಶೇಂಗಾ. ಮಳೆಗಾಲದಲ್ಲಿ ಮಾತ್ರ ಎರಡೂ ಗದ್ದೆ ಹಡಿಲೇ.

2024ರ ಜನವರಿಯ ಒಂದು ಭಾನುವಾರ ಮೇಲಿನ ಗದ್ದೆಗೆ ಹೋದೆ. ಅಲಸಂದೆ ಬಾಡಿತ್ತು. ಬದನೆ ಬಾಡಿತ್ತು. ಮೆಣಸಿನ ಬುಡದಲ್ಲಿ ಅದೇ ಬಿಳಿ ನೂಲು, ಅದೇ ಸಾಸಿವೆ. ಕೆಳಗಿನ ಗದ್ದೆಗೆ ಇಳಿದೆ. ಅಲ್ಲಿಯೂ ನೂರು ಗಿಡ ಎಣಿಸಿದರೆ ಮೂವತ್ತು ಸತ್ತಿದ್ದುವು. ಅಪ್ಪ ಹಾಳಿಯ ಮೇಲೆ ಕುಳಿತಿದ್ದ. "ಎಂತಾ ಮಾಡೂದು ಹೇಳು ಮಗಾ?" ಎಂದು ಕೇಳಿದ. ಆ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ನನಗೆ ಉತ್ತರ ಗೊತ್ತಿರುತ್ತದೆಂಬ ನಂಬಿಕೆ ಇತ್ತು. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ಲೇಸಾಗುತ್ತಿತ್ತು.

ಆ ತಿಂಗಳು ಕೃಷಿ ಇಲಾಖೆಯ ಅಧಿಕಾರಿಯೊಬ್ಬರು ಊರಿಗೆ ಬಂದಿದ್ದರು. ಅಪ್ಪ ಸತ್ತ ಗಿಡವೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ ಅವರನ್ನು ಗದ್ದೆಗೆ ಕರೆತಂದ. ಅವರು ಪ್ಯಾಂಟು ಮಡಚಿ ಕುಳಿತು, ಮಣ್ಣು ಕೆದಕಿ, ಸಾಸಿವೆಯನ್ನು ಅಂಗೈ ಮೇಲಿಟ್ಟು ತೋರಿಸಿದರು. ಅವರು ಹೇಳಿದ್ದನ್ನೂ ಅನಂತರ ನಾನು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ. ಮನೆಯಲ್ಲಿ ಗದ್ದೆ ಇರುವ ಓದುಗರು ದಯವಿಟ್ಟು ಗಮನಿಸಬೇಕು.

ಈ ರೋಗಕ್ಕೆ ಕಾಂಡಕೊಳೆ ಅಥವಾ ಬುಡಕೊಳೆ ರೋಗವೆಂದು ಹೆಸರು. ಇದನ್ನು ತರುವ ಶಿಲೀಂಧ್ರದ ಹೆಸರು ಸ್ಕ್ಲೆರೋಶಿಯಂ ರಾಲ್ಫ್ಸಿಯೈ. 1892ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಟೊಮೆಟೊ ಗಿಡಗಳ ಮೇಲೆ ಇದನ್ನು ಮೊದಲು ಗುರುತಿಸಿದ ರಾಲ್ಫ್ಸ್ ಎಂಬ ವಿಜ್ಞಾನಿಯ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಆ ಸಾಸಿವೆಯಂಥ ಉಂಡೆಯೇ ಅದರ ಬುತ್ತಿಗಂಟು, ಅದೇ ಅದರ ಕೋಟೆ. ಗಿಡ ಸತ್ತ ಮೇಲೂ ಉಂಡೆ ಮಣ್ಣಿನಲ್ಲಿ ಮೂರು ನಾಲ್ಕು ವರ್ಷ ಜೀವ ಹಿಡಿದಿರಬಲ್ಲದು. ನೆಲದ ಮೇಲ್ಪದರದಲ್ಲಿ ಹಸಿಯೂ ಬಿಸಿಯೂ ಸೇರಿ, ಬಿದ್ದ ಎಲೆ, ಕೊಳೆತ ಕಡ್ಡಿಗಳ ಆಹಾರ ಸಿಕ್ಕಿದರೆ ಮತ್ತೆ ನೂಲು ಬಿಡುತ್ತದೆ. ಐನೂರಕ್ಕೂ ಹೆಚ್ಚು ಜಾತಿಯ ಗಿಡಗಳು ಇದಕ್ಕೆ ಆಹಾರ. ಅಲಸಂದೆ, ಬದನೆ, ಮೆಣಸು, ಟೊಮೆಟೊ ಎಲ್ಲವೂ ಆ ಪಟ್ಟಿಯಲ್ಲಿವೆ. "ನೀವು ಬೆಳೆ ಬದಲಿಸಿದಿರಿ, ಅದಕ್ಕೆ ಊಟ ಬದಲಾಯಿತು, ಅಷ್ಟೆ. ಉಪವಾಸ ಬೀಳಲಿಲ್ಲ" ಎಂದರು ಅಧಿಕಾರಿಗಳು.

ಕಾರ್ವರ್ ಅವರು ತಪ್ಪು ಹೇಳಿರಲಿಲ್ಲ. ನಾನು ತಪ್ಪಾಗಿ ಓದಿದ್ದೆ. ಅವರ ನೆಲದ ಬಾಧೆ ಸಾರ ಕಳೆದುಕೊಂಡದ್ದು. ಶೇಂಗಾ, ಅಲಸಂದೆಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆಯಾದ್ದರಿಂದ ಅಲ್ಲಿ ಅವು ಮದ್ದಾದುವು. ನಮ್ಮ ನೆಲದ ಬಾಧೆ ಬೇರೆ. ಬೆಳೆ ಪರಿವರ್ತನೆ ಎಂದರೆ ಇಸ್ಪೀಟಿನ ಎಲೆ ಕಲಸಿದಂತೆ ಬೆಳೆಯನ್ನು ಕಲಸುವುದಲ್ಲ. ಶತ್ರು ಯಾರು, ಅವನು ಏನನ್ನು ತಿನ್ನುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಹಾಗಾದರೆ ಇದು ತಿನ್ನದ ಬೆಳೆ ಯಾವುದು? ಮುಸುಕಿನ ಜೋಳ ಇದಕ್ಕೆ ಅಷ್ಟಾಗಿ ಒಗ್ಗದು, ಭತ್ತವೂ ಒಗ್ಗದು. ಅದರಲ್ಲಿಯೂ ಭತ್ತದ ಗದ್ದೆಯಲ್ಲಿ ವಾರಗಟ್ಟಲೆ ನೀರು ನಿಲ್ಲುತ್ತದೆ. ನೀರಿನಡಿಯ ಕೆಸರಿನಲ್ಲಿ ಗಾಳಿ ಇಲ್ಲ. ಗಾಳಿಯಿಲ್ಲದೆ ಉಂಡೆಗಳು ಮೊಳೆಯಲಾರವು. ನಾನಾ ಬಗೆಯ ಸೂಕ್ಷ್ಮಜೀವಿಗಳು ಮುತ್ತಿ ಅವು ಕೊಳೆಯುತ್ತವೆ. ಶೇಂಗಾದ ಉಳಿಕೆ ಎಲೆ ಕಡ್ಡಿಗಳು ಕೆಸರಿನಲ್ಲಿ ಕರಗಿಹೋಗುತ್ತವೆ. ತಾನಾಗಿ ಮೊಳೆತ ಶೇಂಗಾ ಗಿಡಗಳು ಮುಳುಗಿ ಸಾಯುತ್ತವೆ. ಅಧಿಕಾರಿಗಳು ಇಷ್ಟನ್ನು ಹೇಳಿ, "ನಿಮ್ಮಲ್ಲಿ ಹಿಂದೆ ಮಳೆಗಾಲದಲ್ಲಿ ಭತ್ತ ಬೆಳೆಯುತ್ತಿರಲಿಲ್ಲವೆ?" ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಅಪ್ಪ ನನ್ನ ಕಡೆ ನೋಡದೆ ಕಡಲಿನ ಕಡೆ ನೋಡಿದ.

ಆ ಸಂಜೆ ಅಜ್ಜಿಗೆ ಎಲ್ಲವನ್ನೂ ವಿವರಿಸಿ ಹೇಳಿದೆ. ಎಲೆಯಡಿಕೆ ಜಗಿಯುತ್ತ ಕೇಳಿ, "ಅದ್ನೇ ಅಲ್ದಾ ನಾ ಹೇಳದ್ದು? ಗದ್ದೆ ಮೀಯ್ಬೇಕು" ಎಂದಳು. ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದ ವಿಷಯಕ್ಕೆ ನಾನು ಅರ್ಧ ಗಂಟೆ ತೆಗೆದುಕೊಂಡಿದ್ದೆ.

ಬೆಳೆ ಪರಿವರ್ತನೆ ಎಲ್ಲ ರೋಗಕ್ಕೂ ಮದ್ದೆಂದು ಯಾರೂ ತಿಳಿಯಬಾರದು. ಶೇಂಗಾದ ಎಲೆಯ ಮೇಲೆ ಕಪ್ಪು ಚುಕ್ಕೆ ಬೀಳುವ ಟಿಕ್ಕಾ ರೋಗಕ್ಕೆ ಇದು ಬಹುಮಟ್ಟಿಗೆ ಉಪಯುಕ್ತ. ಏಕೆಂದರೆ ಆ ಶಿಲೀಂಧ್ರ ಹೆಚ್ಚಾಗಿ ಶೇಂಗಾವನ್ನೇ ನಂಬಿಕೊಂಡು, ಹಳೆಯ ಬೆಳೆಯ ಉಳಿಕೆಯಲ್ಲಿ ಕಾದಿರುತ್ತದೆ. ಆ ರೋಗದಿಂದ ಉದುರಿದ ಎಲೆಯೇ ಬುಡಕೊಳೆಯ ಶಿಲೀಂಧ್ರಕ್ಕೆ ಮೊದಲ ತುತ್ತಾಗುವುದರಿಂದ, ಒಂದನ್ನು ತಡೆದರೆ ಇನ್ನೊಂದಕ್ಕೂ ಅಷ್ಟು ಅಡ್ಡಿ. ಆದರೆ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣುವ ತುಕ್ಕುರೋಗ ಗಾಳಿಯಲ್ಲಿ ದೂರದಿಂದ ಹಾರಿ ಬರುತ್ತದೆ. ನಮ್ಮೊಂದು ಗದ್ದೆಯ ಬೆಳೆ ಬದಲಿಸಿದ ಮಾತ್ರಕ್ಕೆ ಅದು ನಿಲ್ಲದು. ಅಂಥಲ್ಲಿ ರೋಗ ತಡೆಯುವ ತಳಿ ಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜಿ.ಪಿ.ಬಿ.ಡಿ.-4 ಎಂಬ ತಳಿ ತುಕ್ಕುರೋಗವನ್ನೂ ತಡವಾಗಿ ಬರುವ ಎಲೆಚುಕ್ಕೆಯನ್ನೂ ತಾಳಿಕೊಳ್ಳುತ್ತದೆ. ಬುಡಕೊಳೆಗೆ ಪರಿವರ್ತನೆಯೊಡನೆ ಇನ್ನೂ ಕೆಲವು ಕೆಲಸಗಳಿವೆ: ಆಳವಾಗಿ ಉತ್ತು ಉಂಡೆಗಳನ್ನು ಕೆಳಗೆ ಹುಗಿಯುವುದು, ಸತ್ತ ಗಿಡವನ್ನು ಉಂಡೆ ಉದುರದಂತೆ ಕಿತ್ತು ಸುಡುವುದು, ಬೀಜಕ್ಕೆ ಕಿಲೋ ಒಂದಕ್ಕೆ ನಾಲ್ಕು ಗ್ರಾಂನಂತೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಸವರಿ ಬಿತ್ತುವುದು, ಅದನ್ನು ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಮಣ್ಣಿಗೂ ಹಾಕುವುದು.

ಇದೇ ದಿನಗಳಲ್ಲಿ ಅರ್ಥಶಾಸ್ತ್ರದ ತರಗತಿಯಲ್ಲಿ ಅಧ್ಯಾಪಕರು ಯೋಜನೆಗಳು ಏಕೆ ವಿಫಲವಾಗುತ್ತವೆಂಬುದಕ್ಕೆ ಒಂದು ನಿದರ್ಶನ ಹೇಳಿದರು. ಅದೂ ಶೇಂಗಾದ್ದೇ! ಎರಡನೆಯ ಮಹಾಯುದ್ಧದ ತರುವಾಯ ಎಣ್ಣೆಯ ಕೊರತೆ ನೀಗಲೆಂದು ಬ್ರಿಟಿಷ್ ಸರ್ಕಾರ 1947ರಲ್ಲಿ ಆಫ್ರಿಕದ ಟಾಂಗಾನಿಕಾದಲ್ಲಿ, ಎಂದರೆ ಇಂದಿನ ಟಾಂಜಾನಿಯಾದಲ್ಲಿ, ಲಕ್ಷಗಟ್ಟಲೆ ಎಕರೆ ಶೇಂಗಾ ಬೆಳೆಯಲು ಹೊರಟಿತು. ಕಾಗದದ ಮೇಲೆ ಎಲ್ಲ ಲೆಕ್ಕವೂ ಕೂಡಿತ್ತು. ಆದರೆ ಅಲ್ಲಿನ ಮಣ್ಣು ಬೇಸಿಗೆಯಲ್ಲಿ ಕಲ್ಲಾಗುತ್ತಿತ್ತು, ಮಳೆ ನಂಬುವಂತಿರಲಿಲ್ಲ, ಪೊದೆಯ ಬೇರುಗಳು ಯಂತ್ರಗಳನ್ನೇ ಮುರಿದುವು. 1951ರಲ್ಲಿ ಯೋಜನೆಯನ್ನು ಕೈಬಿಟ್ಟಾಗ ಮೂರೂವರೆ ಕೋಟಿ ಪೌಂಡಿಗೂ ಹೆಚ್ಚು ಹಣ ಮುಳುಗಿತ್ತು. ತರಗತಿಯಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅವರದು ಕೋಟಿಯ ಲೆಕ್ಕ, ನನ್ನದು 1,700 ರೂಪಾಯಿಯ ಲೆಕ್ಕ, ಜಾತಿ ಒಂದೇ.

2024ರ ಮಳೆಗಾಲಕ್ಕೆ ಮತ್ತೆ ಭತ್ತ ನೆಡುವುದೆಂದು ನಿಶ್ಚಯಿಸಿದೆವು. ಆದರೆ ಮೊದಲಿನ ಕಷ್ಟ ಹಾಗೆಯೇ ಇದ್ದಿತು: ನೆಡುವವರು ಯಾರು? ನಾನು ಸಂಕೋಚದಿಂದ ಗೆಳತಿಯರ ಮುಂದೆ ವಿಷಯ ತೆಗೆದೆ. ಜುಲೈಯ ಎರಡು ಭಾನುವಾರ ಐದು ಮಂದಿ ಬಂದರು. ಲೇಖನದ ವಿಷಯ ಕೇಳಿ ಬೆಂಚು ಅಲುಗುವಂತೆ ನಕ್ಕವರು ಇವರೇ ಎಂಬುದನ್ನು ನ್ಯಾಯಕ್ಕಾಗಿ ಇಲ್ಲಿ ಹೇಳಬೇಕು. ಇಬ್ಬರು ಹಿಂದೆಂದೂ ಗದ್ದೆಗೆ ಇಳಿದವರಲ್ಲ. ಒಬ್ಬಳು ಇಳಿದ ಕೂಡಲೇ ಕುಳಿತುಬಿಟ್ಟಳು. ಇನ್ನೊಬ್ಬಳು ನೆಟ್ಟ ಸಾಲು ಶರಾವತಿಯ ಹಾಗೆ ಬಳುಕಿತ್ತು. ಆಯಿ ಹಿಂದಿನಿಂದ ಬಂದು ಅರ್ಧ ಸಸಿಗಳನ್ನು ಮತ್ತೆ ನೆಟ್ಟಳು. ಅಜ್ಜಿ ಹಾಳಿಯ ಮೇಲೆ ಕೊಡೆ ಹಿಡಿದು ಕುಳಿತು ಎಲ್ಲರನ್ನೂ ಬಯ್ದಳು. ಮೂರು ಮಳೆಗಾಲಗಳ ಬಳಿಕ ಗದ್ದೆಗೆ ನೀರು ನಿಂತಿತು. ಅಪ್ಪ ಒಡೆದ ಹಾಳಿಗಳನ್ನು ಕಟ್ಟಿದ್ದ. ಕೆಳಗಿನ ಗದ್ದೆಯಲ್ಲಿ ನೀರು ಚೆನ್ನಾಗಿ ನಿಂತಿತು. ಮೇಲಿನದರಲ್ಲಿ ಮಾತ್ರ ಎಷ್ಟು ಕಟ್ಟಿದರೂ ಸೋರಿಹೋಗುತ್ತಿತ್ತು.

ಭತ್ತ ಹೆಚ್ಚೇನೂ ಬರಲಿಲ್ಲ. ಕೊಯ್ದ ಮೇಲೆ ಕೆಳಗಿನ ಗದ್ದೆಯನ್ನು ಆಳವಾಗಿ ಉತ್ತು, ಬೀಜಕ್ಕೆ ಟ್ರೈಕೋಡರ್ಮಾ ಸವರಿ ಶೇಂಗಾ ಊರಿದೆವು. ಮೇಲಿನ ಗದ್ದೆಗೆ ಏನು ಮಾಡುವುದೆಂಬುದರ ಮೇಲೆ ಮನೆಯಲ್ಲಿ ಚರ್ಚೆಯಾಯಿತು. ಅಲ್ಲಿಯೂ ಊರೋಣವೆಂದು ಅಪ್ಪನ ಮತ. ಕಾರಣ ನಾನೇ. ಬಿ.ಎ. ಮುಗಿದ ಮೇಲೆ ಧಾರವಾಡಕ್ಕೆ ಹೋಗಿ ಎಂ.ಎ. ಓದಬೇಕೆಂಬ ನನ್ನ ಆಸೆ ಅವನಿಗೆ ಗೊತ್ತು. ಅದಕ್ಕೆ ದುಡ್ಡು ಬೇಕು. ಇಷ್ಟು ವರ್ಷ ದುಡ್ಡು ಬಂದುದು ಶೇಂಗಾದಿಂದಲೇ. ನಾನು ಬೇಡವೆಂದೆ. ನೀರು ನಿಲ್ಲದ ಗದ್ದೆಯಲ್ಲಿ ಸಾಸಿವೆ ಇನ್ನೂ ಜೀವಂತವಾಗಿರುತ್ತದೆ. ಕಡಮೆಯೆಂದರೆ ಮೂರು ಮಳೆಗಾಲ ಭತ್ತ ಬೆಳೆದು, ನಡುವೆ ಮುಸುಕಿನ ಜೋಳ ಹಾಕಿ, ಅನಂತರ ಶೇಂಗಾದ ಮಾತು ಎಂದೆ.

"ಗದ್ದೆ ಕಾಯ್ತದೆ ಮಗಾ. ನಿನ್ ವಯಸ್ಸು ಕಾಯ್ತದ್ಯಾ?" ಎಂದ ಅಪ್ಪ.

"ನನ್ನ ವಯಸ್ಸು ಒಂದು ವರ್ಷ ಕಾಯುತ್ತದೆ ಅಪ್ಪಾ. ಈ ಗದ್ದೆಗೆ ಅವಸರ ಮಾಡಿದವಳು ನಾನು. ಈಗ ಕಾಯುವವಳೂ ನಾನೇ ಆಗಬೇಕು" ಎಂದೆ. ಅವನು ಏನೂ ಹೇಳದೆ ಒಳಗೆ ಹೋದ. ತುಸು ಹೊತ್ತಿನಲ್ಲಿ ಪೆಟ್ಟಿಗೆಯಿಂದ ಪಡಿತರ ಚೀಟಿಯ ಕಟ್ಟನ್ನು ತಂದು ಬಿಚ್ಚಿ, ಅದರೊಳಗಿಂದ ಒಂದು ಹಾಳೆ ತೆಗೆದುಕೊಟ್ಟ. 2021ರಲ್ಲಿ ನಾನು ಬರೆದ ಲೆಕ್ಕ. ಮಡಿಕೆಗಳಲ್ಲಿ ಹರಿದಿತ್ತು. "ಇದ್ನ ಏಕೆ ಇಟ್ಕಂಡಿದ್ದೆ?" ಎಂದು ಕೇಳಿದೆ. "ನೀ ಬರದದ್ದಲ್ಲ್ವಾ" ಎಂದ. ಮಗಳು ಮೊದಲು ಬರೆದ ಲೆಕ್ಕವೆಂದು ಕಾದಿಟ್ಟಿದ್ದ. ಅದು ತಪ್ಪಾಯಿತೆಂದು ತಿಳಿದ ಮೇಲೂ ಎಸೆದಿರಲಿಲ್ಲ.

ಆ ಹಾಳೆಯನ್ನು ಈಗ ಮತ್ತೆ ನೋಡುತ್ತೇನೆ. ಕೂಡಿದ್ದು ಸರಿ, ಕಳೆದದ್ದು ಸರಿ. ಬರಬೇಕಾಗಿದ್ದ ಒಂದು ಬಾಬು ಮಾತ್ರ ಬರಲಿಲ್ಲ. ಭತ್ತವು ಶೇಂಗಾಕ್ಕೆ ಪ್ರತಿ ಮಳೆಗಾಲ ಮಾಡುತ್ತಿದ್ದ ಚಾಕರಿ, ಮುಂದಿನ ಭತ್ತಕ್ಕೆ ಶೇಂಗಾ ಬಿಟ್ಟುಹೋಗುತ್ತಿದ್ದ ಸಾರಜನಕ. ಇವಕ್ಕೆ ಯಾರೂ ಕೂಲಿ ಕೇಳಿರಲಿಲ್ಲವಾದ್ದರಿಂದ ನಾನೂ ಬರೆದಿರಲಿಲ್ಲ. 1,700 ರೂಪಾಯಿ ನಷ್ಟವೆಂದು ನಾನು ತೋರಿಸಿದುದು ನಿಜವಾಗಿ ಗದ್ದೆಯನ್ನು ಮೀಯಿಸುವ ಖರ್ಚು.

ಈ ಲೇಖನ ಬರೆಯುವ ಹೊತ್ತಿಗೆ ಕೆಳಗಿನ ಗದ್ದೆಯಲ್ಲಿ ಶೇಂಗಾ ನಿಂತಿದೆ. ಮೊನ್ನೆ ಭಾನುವಾರ ನೂರು ಗಿಡ ಎಣಿಸಿದೆ, ಸತ್ತುದು ಒಂಬತ್ತು. ಹೋದ ವರ್ಷದ ಮೂವತ್ತಕ್ಕೆ ಈ ವರ್ಷದ ಒಂಬತ್ತು. ಇದರಲ್ಲಿ ಭತ್ತದ ನೀರಿನ ಪಾಲೆಷ್ಟು, ಆಳದ ಹೂಟೆಯ ಪಾಲೆಷ್ಟು, ಟ್ರೈಕೋಡರ್ಮಾದ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾರೆ. ಎಲ್ಲವನ್ನೂ ಒಟ್ಟಿಗೆ ಮಾಡಿದೆವು. ಒಂದೇ ವರ್ಷದ ಎಣಿಕೆಯನ್ನು ನಂಬಿ ಮತ್ತೆ ಎರಡು ಗೆರೆ ಎಳೆಯುವ ಧೈರ್ಯ ನನಗಿಲ್ಲ. ಒಂಬತ್ತು ಗಿಡಗಳನ್ನೂ ಕಾಗದದಲ್ಲಿ ಸುತ್ತಿ ತಂದು ಆಯಿಯ ಒಲೆಗೆ ಹಾಕಿದೆ. ಮೇಲಿನ ಗದ್ದೆಯಲ್ಲಿ ಜೋಳ ಮೊಣಕಾಲೆತ್ತರ ಬಂದಿದೆ.

ಮನೆಯಲ್ಲಿ ಗದ್ದೆ ಇರುವ ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ನಾವು ಓದಿದವರೆಂದು ಮನೆಯವರು ನಮ್ಮ ಮಾತನ್ನು ನಂಬುತ್ತಾರೆ. ಲೆಕ್ಕ ಹಾಕಿರಿ, ಬೇಡವೆನ್ನುವುದಿಲ್ಲ. ಆದರೆ ಹಾಳೆಯನ್ನು ಅಪ್ಪನ ಕೈಗೆ ಕೊಡುವ ಮುಂಚೆ ಒಳಗೆ ಕುಳಿತ ಅಜ್ಜಿಗೊಮ್ಮೆ ಓದಿ ಹೇಳಿರಿ.

ಕೊನೆಯದಾಗಿ, ಪರೀಕ್ಷೆ ಮುಗಿದ ವಾರ ನಮ್ಮಲ್ಲಿ ಶೇಂಗಾ ಕೀಳುವುದಿದೆ. ನಟ್ಟಿಗೆ ಬಂದ ಐವರೂ ತಪ್ಪದೆ ಬರಬೇಕು, ಹಸಿ ಶೇಂಗಾ ಬೇಯಿಸಿಡುತ್ತೇನೆ ಎಂದು ಆಯಿ ಹೇಳಿಕಳಿಸಿದ್ದಾಳೆ. ಸಾಲು ಬಳುಕಿಸಿದವಳಿಗೂ ಪಾಲು ಉಂಟು.